ಗೋಲ್ಡನ್ ತರೂದು ಖರೆ, ಮಧ್ಯಾಹ್ನ ಎರಡಕ್ಕ ಮನ್ಯಾಗ ಯಾರಿರ್ತೀರಿ?

ಗೋಲ್ಡನ್ ರಿಟ್ರೀವರ್ ಫ್ಯಾಮಿಲಿಗೆ ಚಲೋ ನಾಯಿ ಏನ್ರೀ ಅಂತ ಯಾರನ್ನ ಕೇಳಿದ್ರೂ ಒಂದಾ ಉತ್ತರ ಬರ್ತೈತಿ, ಭಾಳ ಚಲೋ, ಮಕ್ಕಳಿದ್ದ ಮನಿಗೆ ಅಂತೂ ಅದರಂಥಾ ನಾಯಿನ ಇಲ್ಲ ಅಂತ. ಸುಳ್ಳೇನಲ್ಲ. ಆದ್ರ ಅದು ನಾಯಿ ಬಗ್ಗೆ ಉತ್ತರ ಆತು, ಮನಿ ಬಗ್ಗೆ ಆಗ್ಲಿಲ್ಲ. ನಮ್ಮನಿ ಇರೂದು ಕೊಪ್ಪಳದಾಗ, 30-40 ಸೈಟಿನ್ಯಾಗ ಆರ್‌ಸಿಸಿ ಮನಿ, ಮುಂದ ಒಂದು ಬೈಕು ಒಂದು ಸ್ಕೂಟಿ ನಿಲ್ಲೂವಷ್ಟು ಜಾಗ, ಹಿಂದ ಬಟ್ಟಿ ಒಗಿಯೋ ಕಲ್ಲು, ಮ್ಯಾಲ ಟೆರೇಸು, ಅಷ್ಟ. ನಮ್ಮನಿಯವರು ಗಿಣಿಗೇರಿ ಕಡೆ ಫ್ಯಾಕ್ಟರಿಯೊಳಗ ಶಿಫ್ಟ್ ಡ್ಯೂಟಿ, ನಾನು ಸಾಲಿ ಟೀಚರು, ಮಗಳು ಐದನೇತ್ತ, ಮಗ ಇನ್ನೂ ಅಂಗನವಾಡಿ ವಯಸ್ಸು, ಪೂರಾ ದಿನ ಮನ್ಯಾಗ ಇರೂದು ಅಂದ್ರ ನಮ್ಮ ಅತ್ತಿ ಒಬ್ಬರಾ. ನಾಯಿ ಬೇಕು ಅಂತ ಹಟ ಹಿಡದಾಕಿ ಮಗಳು, ತರೂಣು ತಗೋ ಅಂದವರು ಅವರಪ್ಪ, ರಾತ್ರಿ ಕುಂತು ವಿಡಿಯೋ ಮ್ಯಾಲ ವಿಡಿಯೋ ನೋಡಿದಾಕಿ ನಾನು. ಅತ್ತಿ ಸುಮ್ನ ಕೇಳಿಕೋತ ಕುಂತಿದ್ರು, ಕಡೀಗೆ ಒಂದಾ ಮಾತು ಕೇಳಿದ್ರು, "ಮಧ್ಯಾಹ್ನ ಎರಡಕ್ಕ ಅದರ ಜೋಡಿ ಯಾರಿರ್ತೀರಿ?"

ಆ ಪ್ರಶ್ನಿಗೆ ಉತ್ತರ ಹುಡುಕಿಕೋತ ಹೋದ್ರ ಗೋಲ್ಡನ್ ಬಗ್ಗೆ ತಿಳಕೋಬೇಕಾದ್ದೆಲ್ಲಾ ತಿಳೀತು ಅಂತನ ಹೇಳಬೇಕು.

ಈ ನಾಯಿ ಹುಟ್ಟಿದ್ದು ಸ್ಕಾಟ್ಲೆಂಡಿನ ಉತ್ತರದ ಗುಡ್ಡಗಾಡಿನ್ಯಾಗ. ಗ್ಲೆನ್ ಆಫ್ರಿಕ್ ಅನ್ನೋ ಕಣಿವಿ ಹತ್ರ ಎಸ್ಟೇಟ್ ಇಟ್ಟಿದ್ದ ಒಬ್ಬ ಸಾಹುಕಾರ, ಮುಂದ ಲಾರ್ಡ್ ಟ್ವೀಡ್‌ಮೌತ್ ಅಂತ ಹೆಸರಾದವ, ಒಂದು ಹಳದಿ ಬಣ್ಣದ ರಿಟ್ರೀವರ್ ಗಂಡು ನಾಯಿನ್ನ ಟ್ವೀಡ್ ವಾಟರ್ ಸ್ಪಾನಿಯಲ್ ಅನ್ನೋ ಜಾತಿ ಹೆಣ್ಣಿನ ಜೋಡಿ ಕೂಡಿಸಿ 1868ರಾಗ ನಾಕು ಹಳದಿ ಮರಿ ಪಡದ, ಅಲ್ಲಿಂದ ಬೆಳದ ವಂಶ ಇದು. ನಾಯಿ ಜಾತಿಗಳ ದಾಖಲಾತಿ ಇಡೋ ಬ್ರಿಟನ್ನಿನ ಕೆನಲ್ ಕ್ಲಬ್ ಇದನ್ನ ಬ್ಯಾರೆ ಜಾತಿ ಅಂತ ಒಪ್ಪಿದ್ದು 1911ರಾಗ. ಕೆಲಸ ಏನಂದ್ರ, ಸಾಹುಕಾರ ಬಂದೂಕಿಲೆ ಹೊಡದ ಬಾತುಕೋಳಿ ಥಣ್ಣನ್ನ ಕೆರಿಯೊಳಗ ಬಿದ್ರ ಈಜಿ ಹೋಗಿ ಹಲ್ಲು ತಾಗದಂಗ ಬಾಯಾಗ ಹಿಡದು ತಂದು ಕೈಗೆ ಕೊಡೂದು. ಅದಕ್ಕ ಇದಕ್ಕ ಎರಡು ಪದರು ಕೂದಲಾ, ಮ್ಯಾಲಿನದು ನೀರು ಇಳಿಗೊಡಾಂಗಿಲ್ಲ, ಒಳಗಿನದು ಚಳಿ ತಡೀತೈತಿ. ಅದಕ್ಕ ಇದು ಚಪ್ಪಲಿ, ಸಾಕ್ಸು, ಟಿವಿ ರಿಮೋಟು ಏನು ಸಿಕ್ರೂ ಬಾಯಾಗ ಹಿಡಕೊಂಡು ಅಡ್ಡಾಡತೈತಿ. ಅದಕ್ಕನ ಇದು ಮನಶಾರ ಬಿಟ್ಟು ಇರಾಂಗಿಲ್ಲ. ಇಡೀ ದಿನ ಒಬ್ಬ ಮನಶಾನ ಕೈ ನೋಡಿಕೋತ ಇರಾಕಂತನ ತಲಿತಲಾಂತರದಿಂದ ಆರಿಸಿ ಬೆಳಸಿದ ನಾಯಿನ್ನ ತಂದು ಗೇಟಿಗೆ ಕಟ್ಟಿ ಡ್ಯೂಟಿಗೆ ಹೋದ್ರ ಅದು ಬೊಗಳತೈತಿ, ಕಾಲು ನೆಕ್ಕಿ ನೆಕ್ಕಿ ಗಾಯ ಮಾಡಿಕೋತೈತಿ, ಸ್ಕೂಟಿ ಸೀಟು ಹರೀತೈತಿ. ಅದರ ತಪ್ಪೇನೂ ಇಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯೊಳಗೂ, ಯಾವಾಗ್ಲೂ ಕಟ್ಟಿಹಾಕಿದ ನಾಯಿನ್ನ ಅಡ್ಡಾಡಿಸದಿದ್ರ ಅದು ಹಿಂಸಾನ ಅಂತ ಬರದೈತಿ, ನಮ್ಮ ಓಣ್ಯಾಗ ಯಾರೂ ಓದಿರಲಿಕ್ಕಿಲ್ಲ ಬಿಡ್ರಿ.

ಈಗ ಬಿಸಲಿಗೆ ಬರ್ತೀನಿ, ನಮ್ಮ ಕಡೆ ಮಾತು ಅಲ್ಲಿಗೆ ಬಂದಾ ಬರಬೇಕು. ಶಿವರಾತ್ರಿಗೆ ಚಳಿ ಶಿವ ಶಿವ ಅಂತ ಹೋತಂದ್ರ ಮುಗೀತು, ಯುಗಾದಿ ಹೊತ್ತಿಗೆ ಟೆರೇಸ್ ಮ್ಯಾಲ ಬರಿಗಾಲಿಲೆ ನಿಲ್ಲಾಕ ಆಗೂದಿಲ್ಲ, ಏಪ್ರಿಲ್ ಮೇದಾಗ 40 ಡಿಗ್ರಿ ಅನ್ನೂದು ಸುದ್ದೀನ ಅಲ್ಲ, ರಾಯಚೂರು ಬಳ್ಳಾರಿ ಕಡೆಯವರು ನಿಮ್ದೇನು ಮಹಾ ಅಂತ ಇನ್ನೂ ಒಂದೆರಡು ಡಿಗ್ರಿ ಜಾಸ್ತಿ ಹೇಳ್ತಾರ. ಹಗಲಿಡೀ ಕಾದ ಸ್ಲ್ಯಾಬು ರಾತ್ರಿ ಹನ್ನೊಂದರ ತನಕ ಒಳಗ ಝಳ ಬಿಡ್ತೈತಿ. ನಮಗಾದ್ರ ಮೈಯೆಲ್ಲಾ ಬೆವರತೈತಿ, ಫ್ಯಾನ್ ಗಾಳಿಗೆ ಒಣಗಿ ತಂಪಾಗತೈತಿ. ನಾಯಿಗೆ ಬೆವರಿನ ಗ್ರಂಥಿ ಕೆಲಸ ಮಾಡೂದು ಅಂಗಾಲಿನ್ಯಾಗ ಅಷ್ಟ, ಉಳಿದಿದ್ದೆಲ್ಲಾ ನಾಲಿಗಿ ಹೊರಗ ಹಾಕಿ ತೇಕಿಕೋತನ ತಂಪು ಮಾಡಿಕೋಬೇಕು. ನಾಯಿ ಮೈ ಬಿಸಿ ಹೆಚ್ಚು ಕಡಿಮಿ 38ರಿಂದ 39 ಡಿಗ್ರಿ ಇರ್ತೈತಿ, 41 ದಾಟಿತಂದ್ರ ಹೀಟ್ ಸ್ಟ್ರೋಕು, ಕಿಡ್ನಿ ಮಿದುಳು ಎಲ್ಲಾ ಕೈಕೊಡಾಕ ಶುರುವಾಗ್ತಾವ. ತೇಕೂದು ನಿಲ್ಲದಿದ್ರ, ಜೊಲ್ಲು ಅಂಟು ಅಂಟಾದ್ರ, ವಸಡು ಕೆಂಪಗಾದ್ರ, ತೂರಾಡಿಕೋತ ನಡದ್ರ, ವಾಂತಿ ಮಾಡಿದ್ರ, ಮೊದ್ಲು ನೆಳ್ಳಿಗೆ ಒಯ್ದು ಮೈಮ್ಯಾಲ, ಹೊಟ್ಟಿ ಕೆಳಗ, ಕಾಲಿಗೆ ಬರೇ ಸಾದಾ ನೀರು ಹಾಕಿಕೋತ ಫ್ಯಾನ್ ಹಚ್ಚಬೇಕು, ಆಮ್ಯಾಲ ಡಾಕ್ಟರ್ ಕಡೆ ಓಡಬೇಕು. ಒದ್ದಿ ಟವೆಲ್ ಹೊಚ್ಚಿ ಹಂಗ ಬಿಡಬ್ಯಾಡ್ರಿ, ಝಳ ಒಳಗ ಉಳೀತೈತಿ.

ಹಂಗಂತ ಪೂರಾ ಕೂದಲಾ ಬೋಳಿಸಿಬಿಟ್ರ ತಂಪಾಗತೈತಿ ಅಂತ ಸಲಹಾ ಕೊಡೋರು ಭಾಳ ಮಂದಿ ಅದಾರ, ಕಟಿಂಗ್ ಮಾಡೋರೂ ಹೂಂ ಅಂತಾರ. ಮಾಡಿಸಬ್ಯಾಡ್ರಿ. ಆ ಎರಡು ಪದರಿನ ಕೂದಲಾ ಬಿಸಲೂ ಸ್ವಲ್ಪ ತಡೀತೈತಿ, ಬೋಳಿಸಿದ್ರ ಚರ್ಮ ಸುಡತೈತಿ, ತಿರುಗಿ ಬೆಳದಾಗ ಎಷ್ಟೋ ನಾಯಿಗೆ ಮೊದಲಿನಂಗ ಬರೂದಾ ಇಲ್ಲ. ಬಾಚಣಿಕಿ ಹಾಕಿ ಸತ್ತ ಒಳಕೂದಲಾ ತಗದು ಗಾಳಿ ಆಡಂಗ ಮಾಡೂದ ಇದಕ್ಕ ಇರೂ ದಾರಿ.

ಹಂಗಾದ್ರ ಎಸಿ ಹಾಕಸೂಣು ಬಿಡು ಅಂದ್ರು ನಮ್ಮನಿಯವರು. ಲೆಕ್ಕಾ ಹಾಕಿ ತೋರಿಸಿದೆ. ಒಂದೂವರಿ ಟನ್ ಎಸಿ ತಾಸಿಗೆ ಸುಮಾರು ಒಂದೇಕಾಲು ಯುನಿಟ್ ಹಿಡದ್ರೂ, ಹನ್ನೊಂದೂವರಿಯಿಂದ ಐದರ ತನಕ ಹಚ್ಚಿದ್ರ ದಿನಕ್ಕ ಹತ್ತತ್ರ ಏಳು ಯುನಿಟ್, ತಿಂಗಳಿಗೆ 200 ಯುನಿಟ್ಟು ನಾಯಿದಾ ಆತು. ಈಗ ಗೃಹಜ್ಯೋತಿಯೊಳಗ ನಮ್ಮ ಬಿಲ್ಲು ಸೊನ್ನಿ ಬರ್ತೈತಿ, 200 ದಾಟಿತಂದ್ರ ಪೂರಾ ಬಿಲ್ಲು ನಮ್ಮ ಮ್ಯಾಲ, ಮ್ಯಾಲಿನ ಯುನಿಟ್ಟಿಗೆ ಅಷ್ಟ ಅಲ್ಲ. ಅಂದ್ರ ಬೇಸಿಗಿ ಮೂರು ತಿಂಗಳು ಮನಿ ಕರೆಂಟು, ನಾಯಿ ಕರೆಂಟು ಎರಡೂ ಕಟ್ಟಬೇಕು. ಮತ್ತ ಕರೆಂಟ್ ಹೋದ್ರ? ಕೂಲರ್ ಹಚ್ಚೂಣು ಅಂದ್ರ ಅದಕ್ಕ ದಿನಾ ಕೊಡಗಟ್ಲೆ ನೀರು, ನಮ್ಮ ಓಣಿಗೆ ಬೇಸಿಗಿಯೊಳಗ ನಲ್ಲಿ ನೀರು ಬರೂ ದಿನ ಹಬ್ಬ ಇದ್ದಂಗ. ಅದನ್ನ ಕೇಳಿ ಅತ್ತಿ ನಗಾಕ ಹತ್ತಿದ್ರು, "ನನಗ ಇಷ್ಟು ವರ್ಷ ಬೀಸಣಿಕಿ ಕೊಟ್ಟೀರಿ, ಅದಕ್ಕ ಎಸಿ?"

ಇಷ್ಟೆಲ್ಲಾ ಮಾತು ನಡದಾಗ ಒಂದು ಚಲೋ ಅವಕಾಶ ಸಿಕ್ತು. ನಮ್ಮ ಸಾಲ್ಯಾಗ ನನ್ನ ಜೋಡಿ ಇರೋ ಟೀಚರ್ ಒಬ್ಬರು ಹೊಸಪೇಟಿಯವರು, ಅವರ ಮನ್ಯಾಗ ಬ್ರೂನೋ ಅಂತ ಗೋಲ್ಡನ್ ಐತಿ, ಮನಿಮಂದಿಯೆಲ್ಲಾ ಕಾಶಿಗೆ ಹೊಂಟಿದ್ರು, ನಾಯಿ ಎಲ್ಲಿ ಬಿಡೂದು ಅಂತ ಚಿಂತಿ. ನಮ್ಮನ್ಯಾಗ ಬಿಡ್ರಿ ಅಂದೆ. ಮಾರ್ಚ್ ಕೊನಿ ಅದು. ಯಾರಾದ್ರೂ ಜಾತಿ ನಾಯಿ ತರೂ ವಿಚಾರದಾಗ ಇದ್ರ ಇದನ್ನ ಮಾತ್ರ ತಪ್ಪದಾ ಮಾಡ್ರಿ ಅಂತೀನಿ, ಗುರ್ತಿನವರ ನಾಯಿನ್ನ ನಿಮ್ಮ ಮನ್ಯಾಗ, ನಿಮ್ಮ ಬಿಸಲಾಗ, ನಿಮ್ಮ ದಿನಚರಿಯೊಳಗ ಇಟ್ಟುಕೊಂಡು ನೋಡ್ರಿ, ನೂರು ವಿಡಿಯೋ ನೋಡಿದ್ರೂ ಅಷ್ಟು ತಿಳಿಯೂದಿಲ್ಲ.

ಬ್ರೂನೋ ಬಂದ ದಿನಾನ ಮನಿ ಪೂರ್ತಿ ಅಳತಿ ತಗೊಂಡ. ಅಡಗಿಮನಿ, ಜಗಲಿ, ಮಂಚದ ಕೆಳಗ ಎಲ್ಲಾ ಮೂಸಿ ನೋಡಿ, ಕಡೀಗೆ ಬಚ್ಚಲಮನಿಗೆ ಹೋಗಿ ಹಂಡೆ ಬಾಜು ಒದ್ದಿ ಬಂಡಿ ಮ್ಯಾಲ ಹೊಟ್ಟಿ ಹಚ್ಚಿ, ಹಿಂದಿನ ಎರಡೂ ಕಾಲು ಕಪ್ಪಿ ಚಾಚಿದಂಗ ಚಾಚಿ ಮಲಗಿಬಿಟ್ಟ. ಮಧ್ಯಾಹ್ನ ಅಂದ್ರ ಅವಂದು ಅದಾ ಜಾಗ. ಯಾರಾದ್ರೂ ಕೈ ಕಾಲು ತೊಳಿಯಾಕ ಹೋದ್ರ ಏಳ್ತಿರ್ಲಿಲ್ಲ, ಬಾಲ ಅಷ್ಟ ಬಂಡಿಗೆ ಪಟ್ ಪಟ್ ಬಡೀತಿದ್ದ, ಅತ್ತಿ ಅವನ್ನ ದಾಟಿ ಹೋಗಿ ನೀರು ತಗೋಬೇಕು. ಅವರಿಗೆ ಮೊದಲಾ ಮಣಕಾಲು ನೋವು. ಮಗಳು ಸಾಲಿಗೆ, ನಾನು ಸಾಲಿಗೆ, ಅವರಪ್ಪ ಜನರಲ್ ಶಿಫ್ಟು, ಮಧ್ಯಾಹ್ನ ಎರಡಕ್ಕ ಬಚ್ಚಲದಾಗ ಒಂದು 32 ಕೇಜಿ ನಾಯಿ, ಪಡಸಾಲ್ಯಾಗ ಒಬ್ಬರು ಅಜ್ಜಿ, ನಡುವ ಒಂದು ಸಣ್ಣ ಹುಡುಗ. ಅತ್ತಿ ಕೇಳಿದ ಪ್ರಶ್ನಿ ಅಕ್ಷರಾ ಅಕ್ಷರಾ ಕಣ್ಣಮುಂದ ನಿಂತಿತ್ತು.

ಖರೆ ಹೇಳಬೇಕಂದ್ರ ಮಕ್ಕಳ ಜೋಡಿ ಅವ ಇದ್ದ ರೀತಿ ನೋಡಿ ನನ್ನ ಮನಸ್ಸು ಪೂರಾ ಆ ಕಡೆ ವಾಲಿತ್ತು. ಮಗ ಅವನ ಕಿವಿ ಹಿಡದು ಎಳದ್ರೂ ಸುಮ್ನ ಮಾರಿ ಆ ಕಡೆ ತಿರಗಿಸ್ತಿದ್ದ. ಮಗಳು ಹೋಂವರ್ಕ್ ಮಾಡಿಕೋತ ಕುಂತ್ರ ತೊಡಿ ಮ್ಯಾಲ ಗದ್ದ ಇಟ್ಟು ಕುಂಡ್ರತಿದ್ದ, ರಬ್ಬರ್ ಕೆಳಗ ಬಿದ್ರ ಎತ್ತಿ ಕೊಡ್ತಿದ್ದ, ಜೊಲ್ಲು ಸಮೇತ. ಆದ್ರ ಅದಾ ನಾಯಿ ಸಂಜಿಗೆ ಖುಷಿಯಾಗಿ ಹಿಂದಕ್ಕ ತಿರಗಿದಾಗ ಬಾಲ ಬಡದು ಮಗ ಧಡಲ್ ಅಂತ ಬಿದ್ದ. ಸಿಟ್ಟಿನಿಂದ ಕಚ್ಚೂದು ಅಪರೂಪ ಈ ಜಾತ್ಯಾಗ, ಪ್ರೀತಿಲೆ ಕೆಡವೂದು ದಿನದ ಮಾತು. ಮತ್ತ ಯಾವ ನಾಯಿನೂ ಕಚ್ಚೂದಾ ಇಲ್ಲ ಅಂತ ತಿಳಿಬ್ಯಾಡ್ರಿ, ಸಣ್ಣ ಮಕ್ಕಳನ್ನ ನಾಯಿ ಜೋಡಿ ಬಿಟ್ಟು ದೊಡ್ಡವರು ಅತ್ಲಾಗ ಹೋಗಬಾರದು. ಊಟದ ತಾಟು, ಮಲಗಿದ ಜಾಗ, ಇವೆರಡ್ರ ಹತ್ರ ಮಗನ್ನ ಬಿಡ್ತಿರ್ಲಿಲ್ಲ ನಾನು. ಪರಚಿದ್ರೂ ಹಲ್ಲು ತಾಗಿದ್ರೂ ಸೋಪು ಹಚ್ಚಿ ಹದಿನೈದು ನಿಮಿಷ ಹರಿಯೋ ನೀರಾಗ ತೊಳದು ಆಸ್ಪತ್ರಿಗೆ ಹೋಗೂದು, ಸಾಕಿದ ನಾಯಿ ಅಲ್ಲಾ ಅಂತ ಬಿಡಾಂಗಿಲ್ಲ.

ಇನ್ನ ಕೂದಲಾ. ಅದರ ಬಗ್ಗೆ ಒಂದು ಪುರಾಣಾನ ಬರೀಬಹುದು. ಗೋಲ್ಡನ್ ವರ್ಷಪೂರ್ತಿ ಉದರಸ್ತೈತಿ, ಋತು ಬದಲಾಗೂ ಮುಂದ ವರ್ಷಕ್ಕ ಎರಡು ಸಲ ಒಳಪದರು ಕಂತಿ ಕಂತಿಯಾಗಿ ಬರ್ತೈತಿ. ಜೋಳದ ಹಿಟ್ಟಿನ ಡಬ್ಬಿ ಮುಚ್ಚಿದ್ರೂ ನಾದೂ ಮುಂದ ಹಿಟ್ಟಿನ್ಯಾಗ ಒಂದು ಹಳದಿ ಎಳಿ ಇರೂದು ಇರೂದಾ, ಅತ್ತಿ ರೊಟ್ಟಿ ತಟ್ಟೂದು ನಿಲ್ಲಿಸಿ, ಎರಡು ಬೆರಳಿಲೆ ಅದನ್ನ ಎತ್ತಿ ಬೆಳಕಿಗೆ ಹಿಡದು, ನನ್ನ ಮಾರಿ ನೋಡಿ, ಏನೂ ಅನ್ನದಾ ಬಾಜೂಕ ಇಡ್ತಿದ್ರು. ಬೈದಿದ್ರ ಚಲೋ ಇತ್ತು. ನಮ್ಮ ಬಾಜು ಮನಿ ಕಾಕಾ ಬಂದು ನೋಡಿ, ಭಾಗ್ಯನಗರದಾಗ ಕೂದಲಾ ಕೇಜಿ ಲೆಕ್ಕದಾಗ ವ್ಯಾಪಾರ ನಡೀತೈತಿ, ನೀವು ಇಂಥಾವು ಎರಡು ಸಾಕ್ರಿ, ನಾ ಪಾರ್ಟನರ್ ಆಗ್ತೀನಿ ಅಂದ್ರು. ಕೊಪ್ಪಳದ ಹೊರಗಿನವರಿಗೆ ಈ ಜೋಕು ತಿಳೀಲಿಕ್ಕಿಲ್ಲ, ನಮ್ಮ ಊರಿಗೆ ಹತ್ತಿದ ಭಾಗ್ಯನಗರದಾಗ ಮನಶಾರ ಕೂದಲಾ ಹಸನು ಮಾಡಿ ಮಾರೂದಾ ದೊಡ್ಡ ದಂಧೆ. ಇರಲಿ. ವಾರಕ್ಕ ಮೂರ್ನಾಕು ಸಲನಾದ್ರೂ ಬಾಚಬೇಕು, ಬಾಚಿದ ಮ್ಯಾಲ ಕಿವಿ ಹಿಂದ, ಕಾಲಬೆರಳ ಸಂದ್ಯಾಗ, ಬೆಲ್ಟ್ ಕೆಳಗ ಕೈಯಾಡಿಸಿ ಉಣ್ಣಿ ಅದಾವೇನು ನೋಡಬೇಕು. ನಮ್ಮ ಕಡೆ ಉಣ್ಣಿ ಕಾಟ ವಿಪರೀತ, ಇಷ್ಟು ದಟ್ಟ ಕೂದಲದಾಗ ಕಣ್ಣಿಗೆ ಕಾಣೂದಿಲ್ಲ, ಬೆರಳಿಗೆ ಸಿಗ್ತಾವ. ಅವುಗಳಿಂದ ಬರೂ ಜ್ವರದಾಗ ನಾಯಿ ಊಟ ಬಿಡ್ತೈತಿ, ರಕ್ತದಾಗಿನ ಪ್ಲೇಟ್ಲೆಟ್ ಬೀಳ್ತಾವ, ಕೆಲವೊಮ್ಮೆ ಮೂಗಿನ್ಯಾಗ ರಕ್ತ. ಒಂದಿನ ಊಟ ಬಿಟ್ರ ಬಿಸಲಿಗೆ ಹಂಗಾಗೈತಿ ಅಂತ ಕುಂಡ್ರಬ್ಯಾಡ್ರಿ, ರಕ್ತ ಟೆಸ್ಟ್ ಮಾಡಸ್ರಿ, ಲಗೂನ ಗೊತ್ತಾದ್ರ ಗುಳಗಿಲೇನ ವಾಸಿ ಆಗ್ತೈತಿ.

ಊಟದ್ದು ನಮ್ಮಂಥಾ ಮನಿಗೆ ಬ್ಯಾರೆ ಸಮಸ್ಯಾ. ನಾವು ಲಿಂಗಾಯತರು, ಅತ್ತಿ ಅಂತೂ ತತ್ತಿ ಹೆಸರು ಎತ್ತಿದ್ರೂ ಮಾರಿ ಕಿವುಚ್ತಾರ. ಬ್ರೂನೋನ ಜೋಡಿ ಬಂದ ಡಾಗ್ ಫುಡ್ ಚೀಲದ ಮ್ಯಾಲ ಇಷ್ಟು ದೊಡ್ಡ ಕೋಳಿ ಚಿತ್ರ. ಆ ಚೀಲ ಜಿನ್ನಿ ಕೆಳಗ ಹೋತು, ಅದಕ್ಕ ಬ್ಯಾರೆ ಲೋಟ, ಬ್ಯಾರೆ ಕೈಒರಸು, ಅದರ ತಾಟು ಹಿಂದಿನ ನಲ್ಲಿಗಷ್ಟ. ಹಾಲು ರೊಟ್ಟಿ ಹಾಕ್ರಿ, ಹಳ್ಳಿ ನಾಯಿ ಅದರ ಮ್ಯಾಲ ಬದುಕಂಗಿಲ್ಲೇನು ಅಂದ್ರ, ಬದುಕ್ತಾವ, ಆದ್ರ ಹಿಂತಾ ಭಾರದ ನಾಯಿಗೆ ಬೆಳಿಯೋ ವಯಸ್ಸಿನ್ಯಾಗ ಪ್ರೋಟೀನು ಕ್ಯಾಲ್ಸಿಯಂ ಲೆಕ್ಕ ತಪ್ಪಿದ್ರ ಎಲುಬಿಗೆ ಹೊಡತ ಬೀಳತೈತಿ. ಮತ್ತ ನಮ್ಮ ಕಡೆ ಉಣ್ಣೂದ್ರಾಗ ಎಲ್ಲಾದ್ರಾಗೂ ಉಳ್ಳಾಗಡ್ಡಿ ಬಳ್ಳೊಳ್ಳಿ, ಮಂಡಕ್ಕಿ ಒಗ್ಗರಣಿ ಮಿರ್ಚಿ ತಿನ್ನೂ ಮುಂದ ಅದು ಬಂದು ಕಣ್ಣಾಗ ಕಣ್ಣಿಟ್ಟು ಕುಂತ್ರ ಮಕ್ಕಳು ಒಂದು ಮುಟಿಗಿ ಒಗ್ಗರಣಿ ಒಗದಾ ಒಗೀತಾರ. ಉಳ್ಳಾಗಡ್ಡಿ, ಬಳ್ಳೊಳ್ಳಿ, ದ್ರಾಕ್ಷಿ, ಮಣೂಕ, ಚಾಕ್ಲೇಟು ಇವೆಲ್ಲಾ ನಾಯಿಗೆ ವಿಷ. ಗೋಲ್ಡನ್ ಅನ್ನೂದು ಸಾಕು ಅನ್ನೂ ನಾಯಿ ಅಲ್ಲ, ಕೊಟ್ಟಷ್ಟೂ ತಿಂದು ದಪ್ಪ ಆಗ್ತೈತಿ, ದಪ್ಪ ಆದ್ರ ಸೊಂಟ ಹೋಗ್ತೈತಿ, ಬಿಸಲು ಇನ್ನೂ ತಡಿಯಂಗಿಲ್ಲ. ದಿನಕ್ಕ 350 ಗ್ರಾಂ ಆಸುಪಾಸು ಹಿಡದ್ರ ತಿಂಗಳಿಗೆ ಹತ್ತು ಕೇಜಿ ಮ್ಯಾಲ, ನಾಕೈದು ಸಾವಿರ ಊಟಕ್ಕ ಎತ್ತಿಡ್ರಿ.

ವಾಕಿಂಗು. ಮುಂಜಾನೆ ಐದೂವರಿಗೆ ಗವಿಮಠದ ಕಡೆ ಹೋಗಿ ಬರೂದು ನನಗ ಸೇರ್ತಿತ್ತು, ಸುಳ್ಳಲ್ಲ. ಸಂಜಿಗೆ ಮಾತ್ರ ಎಂಟರ ತನಕ ಟಾರ್ ರೋಡ್ ಕಾದಾ ಇರ್ತೈತಿ. ಅಂಗೈ ಹಿಂಭಾಗ ರೋಡಿಗೆ ಹಚ್ಚಿ ಏಳು ಸೆಕೆಂಡ್ ಇಡಾಕ ಆಗ್ಲಿಲ್ಲಂದ್ರ ನಾಯಿ ಅಂಗಾಲೂ ಸುಡತೈತಿ. ಒಂದು ಸಂಜಿ ನಾವಿಬ್ಬರೂ ಬರೂದು ತಡ ಆತು ಅಂತ ಅತ್ತಿ ಅವನ್ನ ಗೇಟಿನ ತನಕ ಹಿಡಕೊಂಡು ಹೋದ್ರಂತ, ಎದುರು ಮನಿ ಹುಡುಗ ಕಂಡ ಅಂತ ಇವ ಒಂದಾ ಜಗ್ಗು ಜಗ್ಗಿದ, ಅತ್ತಿ ಗೇಟ್ ಹಿಡಕೊಂಡ್ರು ಪುಣ್ಯಾಕ. ಅವತ್ತು ರಾತ್ರಿ ಮಣಕಾಲಿಗೆ ಎಣ್ಣಿ ತಿಕ್ಕಿಕೋತ ಕುಂತಾಗ ಬ್ರೂನೋ ಬಂದು ಅವರ ಪಾದದ ಮ್ಯಾಲ ತಲಿ ಇಟ್ಟು ಮಲಗಿದ, ಅತ್ತಿನೂ ಕಾಲು ತಗೀಲಿಲ್ಲ, "ಪಾಪದ್ದು ಐತಿ, ಆದ್ರ ಇದು ನನ್ನ ಕೈಲೆ ಆಗೂ ಜೀವ ಅಲ್ಲ" ಅಂದ್ರು.

ಕಳ್ಳರು ಬಂದ್ರ ಅನುಕೂಲ ಆಗ್ತೈತಿ ಅಂತ ಯಾರಾದ್ರೂ ಲೆಕ್ಕಾ ಹಾಕಿದ್ರ ಅದನ್ನ ಇಲ್ಲೇ ಬಿಟ್ಟುಬಿಡ್ರಿ. ಕೊರಿಯರ್ ಹುಡುಗ, ಸಿಲಿಂಡರ್ ಅಣ್ಣ, ಮೀಟರ್ ರೀಡಿಂಗಿನವರು ಎಲ್ಲಾರಿಗೂ ಇವ ಒಂದು ಚಪ್ಪಲಿ ತಂದು ಕೊಟ್ಟು ಸ್ವಾಗತ ಮಾಡಿದ. ಇನ್ನ ಜನವರಿಯೊಳಗ ಗವಿಸಿದ್ಧೇಶ್ವರ ಜಾತ್ರಿಗೆ ನಮ್ಮನ್ಯಾಗ ಊರಿಂದ ಬಂದ ಬೀಗರು ಬಿಜ್ಜರು ಪಡಸಾಲಿ ತುಂಬಾ ಮಲಗ್ತಾರ, ಅರ್ಧ ಮಂದಿಗೆ ನಾಯಿ ಅಂದ್ರ ಅಂಜಿಕಿ, ಇದು ಒಬ್ಬೊಬ್ಬರ ಎದಿ ಮ್ಯಾಲ ಮುಂಗಾಲಿಟ್ಟು ಮಾತಾಡ್ಸಾಕ ಹೋಗ್ತೈತಿ, ಆ ಚಿತ್ರ ನೆನಸಿಕೊಂಡ್ರ ನಗಿನೂ ಬರ್ತೈತಿ, ತಲಿನೂ ಬಿಸಿ ಆಗ್ತೈತಿ.

ಮರಿ ತರೂ ವಿಚಾರಕ್ಕ ವಾಟ್ಸಾಪಿನ್ಯಾಗ ಒಬ್ಬರು ಇಬ್ಬರು ಮಾರೋರನ್ನ ವಿಚಾರಿಸಿದ್ವಿ. ಹೆವಿ ಬೋನು, ಶೋ ಕ್ವಾಲಿಟಿ, ಪೆಟ್ ಕ್ವಾಲಿಟಿ, ಪೇಪರ್ ಅಂದ್ರ ವಂಶದ ದಾಖಲಾತಿ ಸಹಿತ ಒಂದು ರೇಟು ಪೇಪರ್ ಇಲ್ಲದಾ ಒಂದು ರೇಟು, 18 ಸಾವಿರದಿಂದ 35 ಸಾವಿರದ ತನಕ. ಒಬ್ಬರು 35 ದಿನದ ಮರಿ ರೆಡಿ ಐತಿ, ನಾಳೆ ಬಸ್ಸಿಗೆ ಹಾಕಿ ಕಳಸ್ತೀನಿ ಅಂದ್ರು, ಅವರ ಜೋಡಿ ಮಾತು ಅಲ್ಲೇ ಮುಗೀತು. 2017ರ ನಾಯಿ ತಳಿ ಮಾರಾಟದ ನಿಯಮದಾಗ ಎಂಟು ವಾರ ತುಂಬದ ಮರಿ ಮಾರೂ ಹಂಗಾ ಇಲ್ಲ, ಮಾರೋರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯೊಳಗ ನೋಂದಣಿ ಆಗಿರಬೇಕು. ಎಂಟು ವಾರದೊಳಗ ತಾಯಿಯಿಂದ ಬಿಡಿಸಿದ ಮರಿ, ಎಷ್ಟು ಕಚ್ಚಿದ್ರ ನೋಯತೈತಿ ಅನ್ನೂದನ್ನ ತನ್ನ ಅಣ್ಣ ತಮ್ಮಂದಿರ ಜೋಡಿ ಆಡಿ ಕಲಿಯೂದಾ ಇಲ್ಲ, ಆ ಪಾಠ ಆಮ್ಯಾಲ ನಿಮ್ಮ ಮಕ್ಕಳ ಕೈಮ್ಯಾಲ ನಡೀತೈತಿ. ಮರಿ ತರೋರು ತಾಯಿ ನಾಯಿನ್ನ ಕಣ್ಣಾರೆ ನೋಡ್ರಿ, ಅಪ್ಪ ಅವ್ವನ ಸೊಂಟದ ಎಕ್ಸ್‌ರೇ ತೋರಸ್ರಿ ಅಂತ ಕೇಳ್ರಿ. ನಕ್ಕು ಫೋನ್ ಇಟ್ರ ಉಪಕಾರಾನ ಆತು.

ಸೊಂಟದ ಕೀಲು ಸಡಿಲ ಆಗೂದು, ಚರ್ಮದ ಅಲರ್ಜಿ, ಕಿವಿ ಸೋಂಕು ಈ ಜಾತಿಗೆ ಸಾಮಾನ್ಯ. ಅದಕ್ಕಿಂತ ಕಠಿಣ ಅಂದ್ರ ಕ್ಯಾನ್ಸರ್ರು. ಅಮೆರಿಕದಾಗ ಗೋಲ್ಡನ್ ನಾಯಿಗಳಾಗ ಅರ್ಧಕ್ಕಿಂತ ಹೆಚ್ಚು ಅದರಿಂದಾನ ಸಾಯ್ತಾವ ಅಂತ ಹೇಳ್ತಾರ, ಅದಕ್ಕ ಮಾರಿಸ್ ಅನಿಮಲ್ ಫೌಂಡೇಶನ್ ಅನ್ನೋ ಸಂಸ್ಥೆ 2012ರಿಂದ ಮೂರು ಸಾವಿರದ ಮ್ಯಾಲ ಗೋಲ್ಡನ್ ನಾಯಿಗಳನ್ನ ಜೀವನಪೂರ್ತಿ ಹಿಂಬಾಲಿಸಿ ಕಾರಣ ಹುಡುಕಾಕ ಹತ್ತೈತಿ. ಆಯುಷ್ಯ ಹತ್ತು ಹನ್ನೆರಡು ವರ್ಷ. ನನ್ನ ಮಗಳಿಗೆ ಈಗ ತಂದ್ರ ಅದು ಹೋಗೂ ಹೊತ್ತಿಗೆ ಆಕಿ ಡಿಗ್ರಿ ಓದಾಕ ಧಾರವಾಡದಾಗೋ ಎಲ್ಲೋ ಇರ್ತಾಳ, ಮುದಿ ನಾಯಿನ್ನ ಎತ್ತಿ ಆಟೋಕ್ಕ ಹಾಕೋರು ಯಾರು ಅನ್ನೂದೂ ಅತ್ತಿ ಪ್ರಶ್ನಿಯೊಳಗಾ ಬಂತು. ಇಲ್ಲಿ ಪಶು ಆಸ್ಪತ್ರ್ಯಾಗ ಇಂಜೆಕ್ಷನ್ನು, ಸಣ್ಣಪುಟ್ಟ ಚಿಕಿತ್ಸಾ ಆಗ್ತೈತಿ, ಡಾಕ್ಟರ್ರೂ ಚಲೋ ಮಾತಾಡ್ತಾರ, ಆದ್ರ ಅವರ ಮುಂದಿನ ಸಾಲಿನ್ಯಾಗ ಎಮ್ಮಿ, ಕುರಿ, ಆಡು. ದೊಡ್ಡ ಆಪರೇಷನ್ ಅಂದ್ರ ಗದಗಿನ ವೆಟರ್ನರಿ ಕಾಲೇಜಿಗೋ, ಹುಬ್ಬಳ್ಳಿಗೋ, ಬೆಂಗಳೂರಿಗೋ ಗಾಡಿ ಮಾಡಿಕೊಂಡು ಹೋಗಬೇಕು.

ಮಾವನವರ ತಮ್ಮ, ನಮ್ಮ ಯಲಬುರ್ಗಿ ಕಾಕಾ, ಇದೆಲ್ಲಾ ಕೇಳಿ, ಆ ಫಾರಿನ್ ನಾಯಿ ಯಾಕವಾ, ಮುಧೋಳ ನಾಯಿ ತರ್ರಿ, ಬಾಗಲಕೋಟಿ ಬಿಸಲಾಗ ಹುಟ್ಟಿದ್ದು, ಮಿಲಿಟರಿಯವರೂ ಒಯ್ದಾರ ಅಂದ್ರು. ಮಾತು ಖರೆ. ತಿಮ್ಮಾಪುರದಾಗ ಸರ್ಕಾರದ ಕೇಂದ್ರಾನ ಐತಿ ಅವಕ್ಕ, ಸೈನ್ಯದವರು 2016ರಾಗ ಅಲ್ಲಿಂದ ಮರಿ ತಗೊಂಡು ಮೀರತ್ತಿನ್ಯಾಗ ತರಬೇತಿ ಕೊಟ್ರು. ಗಿಡ್ಡ ಕೂದಲಾ, ತೆಳ್ಳಗ ಮೈ, ಬಿಸಲಿಗೆ ಜಗ್ಗಂಗಿಲ್ಲ. ಆದ್ರ ಅದು ಓಡೂ ನಾಯಿ, ಮೊಲದ ಬೆನ್ನ ಹತ್ತೂ ನಾಯಿ. ಹೊಲ ಇದ್ದ ಕಾಕಾನ ಮನಿಗೆ ಅದು ಲಕ್ಷಣ, ನಮ್ಮ 30-40 ಸೈಟಿನ್ಯಾಗ ಅದಕ್ಕ ತಿರುಗಿ ನಿಲ್ಲಾಕೂ ಜಾಗಾ ಸಾಲಂಗಿಲ್ಲ, ಮತ್ತ ಬಂದ ಬಂದವರೆಲ್ಲಾ ಮೈ ಮುಟ್ಟಿದ್ರ ಅದಕ್ಕ ಸೇರಂಗಿಲ್ಲ. ಬಿಸಲಿನ ಲೆಕ್ಕದಾಗ ಅದು ಗೆದ್ದಿತು, ಜಾತ್ರಿ ಲೆಕ್ಕದಾಗ ಸೋತಿತು.

ಒಂದು ಎಚ್ಚರಿಕಿ ಹೇಳಿ ಮುಂದ ಹೋಗ್ತೀನಿ. ಈ ನಾಯಿಗೆ ನೀರು ಕಂಡ್ರ ಹುಚ್ಚು. ಮುನಿರಾಬಾದ್ ಕಡೆ ಕಾಲುವಿ ದಂಡಿಗೆ ಬೆಲ್ಟ್ ಬಿಚ್ಚಿ ಬಿಟ್ಟು ರೀಲ್ಸ್ ಮಾಡೋರು ಅದಾರ, ಆ ಸಿಮೆಂಟಿನ ಇಳಿಜಾರಿನ್ಯಾಗ ಇಳದ ನಾಯಿ ಹತ್ತಿ ಬರೂದು ಕಷ್ಟ, ನೀರಿನ ಸೆಳವೂ ಜೋರು. ಹೊಳಿಯೊಳಗಂತೂ ಮೊಸಳಿ ಅದಾವ. ಟೆರೇಸ್ ಮ್ಯಾಲ ನೆಳ್ಳಾಗ ಒಂದು ಪ್ಲಾಸ್ಟಿಕ್ ಟಬ್ ಇಟ್ರ ಅದಕ್ಕ ಅಷ್ಟಾ ಖುಷಿ.

ಹಂಗಾದ್ರ ಯಾರು ಸಾಕಬಹುದು? ಮನ್ಯಾಗ ಹಗಲೂ ಒಬ್ಬರು ಗಟ್ಟಿ ಇರೋರು ಇದ್ದು, ಅವರಾ ಸ್ವತಾ ನಾಯಿ ಬೇಕು ಅಂದಿದ್ರ, ಕೆಳಗಿನ ಮನಿ ಇಲ್ಲಾ ನೆಳ್ಳಿರೋ ಹಳೇ ಮಣ್ಣಿನ ಮಾಳಿಗಿ ಮನಿ ಇದ್ರ, ನೀರಿಗೆ ಬೋರ್ ಇದ್ರ, ತಿಂಗಳಿಗೆ ಆರೇಳು ಸಾವಿರ ಎತ್ತಿಟ್ಟರೂ ಕೈ ಕಟ್ಟೂದಿಲ್ಲ ಅಂದ್ರ ಖಂಡಿತಾ ತರ್ರಿ, ಇದರಂಥಾ ಜೀವ ಇನ್ನೊಂದಿಲ್ಲ. ಬ್ರೂನೋನ ಮನಿ ಹಂಗಾ ಐತಿ, ರಿಟೈರ್ಡ್ ಆದ ಅವರ ಮಾವನವರಿಗೆ ಆ ನಾಯಿನ ಊರುಗೋಲು. ಗಂಡ ಮತ್ತ ಮಕ್ಕಳು ಆಸಿ ಪಟ್ಟು ತಂದು, ಅವ್ವನೋ ಅತ್ತಿನೋ ಹೆಂಡ್ತಿನೋ ಬಳಿಯೂ ಮನಿ ಆಗಿದ್ರ ಬ್ಯಾಡ ಅಂತೀನಿ ನಾ, ಯಾರು ಏನಾರ ಅನ್ಲಿ. ಜಾತಿ ನಾಯಿ ತರೂ ತೀರ್ಮಾನದಾಗ ಬಳಿಯೋರ ಓಟಿಗೆ ಎರಡು ಓಟಿನ ಬೆಲಿ ಇರಬೇಕು.

ನಮ್ಮನ್ಯಾಗ ಹಿಂಗ ತೀರ್ಮಾನ ಆಗೈತಿ. ಮರಿ ಬ್ಯಾಡ. ಎರಡು ತಾಸಿಗೊಮ್ಮೆ ಉಚ್ಚಿಗೆ ಎತ್ತಿಕೊಂಡು ಓಡೂದು, ಹಲ್ಲು ಬೀಳೂ ತನಕ ಎಲ್ಲಾ ಕಡದಾಡೂದು, ಅವೆಲ್ಲಾ ಅತ್ತಿ ತಲಿಗೆ ಕಟ್ಟಾಕ ನಾ ಒಪ್ಪಂಗಿಲ್ಲ. ಮಗ ಸಾಲಿ ಸೇರಿದ ಮ್ಯಾಲ, ಮುಂದ ಪೋರ್ಟಿಕೋಕ್ಕ ತಗಡಿನ ಬದಲು ಹೆಂಚು ಹಾಕಿಸಿ ನೆಳ್ಳು ಮಾಡಿದ ಮ್ಯಾಲ, ಮೂರು ವರ್ಷ ದಾಟಿದ, ಶಾಂತ ಸ್ವಭಾವದ ಹೆಣ್ಣು ನಾಯಿ ಎಲ್ಲಾರ ಸಿಕ್ರ ವಿಚಾರ ಮಾಡೂಣು, ಟ್ರಾನ್ಸ್‌ಫರ್ ಆದವರು, ಫ್ಲ್ಯಾಟಿಗೆ ಹೋಗೋರು ದೊಡ್ಡ ಗೋಲ್ಡನ್ ಬಿಟ್ಟು ಹೋಗೂದು ಈಗ ಭಾಳ ಆಗೈತಿ. ಹೆಣ್ಣು ಯಾಕಂದ್ರ 25ರಿಂದ 29 ಕೇಜಿ, ಗಂಡಿಗಿಂತ ಸ್ವಲ್ಪ ಹಗುರ, ಜಗ್ಗಿದ್ರೂ ಹಿಡಿಯಾಕ ಆಗ್ತೈತಿ. ಇಂಜೆಕ್ಷನ್ ಬುಕ್ ಇರಬೇಕು, ಮೊದ್ಲು ನಮ್ಮನ್ಯಾಗ ಏಪ್ರಿಲ್ ತಿಂಗಳದಾಗ ಒಂದು ವಾರ ಇದ್ದು ನೋಡಬೇಕು. ಅತ್ತಿ ತಮ್ಮ ಕಡೆಯಿಂದ ಎರಡು ಕರಾರು ಹಾಕ್ಯಾರ, ಪೂಜಿ ಮುಗಿಯೂ ತನಕ ಜಗಲಿ ಕಡೆ ಬರಬಾರದು, ಮತ್ತ ಆ ಕೋಳಿ ಚಿತ್ರದ ಚೀಲ ಮನಿ ಒಳಗ ಬರಬಾರದು. ಮಗಳು ಎರಡೂ ಒಪ್ಪಿ ನೋಟ್‌ಬುಕ್ಕಿನ್ಯಾಗ ಬರದು ಸಹಿ ಹಾಕಿಸಿಕೊಂಡಾಳ, ಅವರಪ್ಪಂದು ಇನ್ನೂ ಆಗಿಲ್ಲ, ನೈಟ್ ಶಿಫ್ಟಿನ್ಯಾಗ ಅದಾರ.